ನಮ್ಮ ಬಿಸಿಲು-ಧೂಳಿಗೆ ಬಾಳೋ ಸಣ್ಣ ಫಿಲ್ಮ್ ರೀಲ್ ಕ್ಯಾಮೆರಾ ಯಾವುದು?

ಬಿಸಿಲೂರವ, ಬಳ್ಳಾರಿ

ನಮಸ್ಕಾರ ರೀ ಎಲ್ಲಾರಿಗೂ. ದಿನಾ ಕೌಲ್ ಬಜಾರಿಂದ ತೋರಣಗಲ್ಲಿಗೆ ಬೈಕಲ್ಲಿ ಹೋಗಿ ಬರೋನು ನಾನು. ರಜಾ ಸಿಕ್ರೆ ಸಂಡೂರು, ಆನೆಗೊಂದಿ, ಹಂಪಿ. ಅಣ್ಣನ ಹಳೇ ಎಸ್‌ಎಲ್‌ಆರ್ (ಲೆನ್ಸ್ ಬದಲಿಸೋ ದೊಡ್ಡ ಕ್ಯಾಮೆರಾ) ಮನೇಲಿ ಐತೆ, ಕೆಲಸಾನೂ ಮಾಡ್ತೈತೆ. ಆದ್ರೆ ಅದನ್ನ ಬ್ಯಾಗಿಂದ ತೆಗೆದು, ಕ್ಯಾಪ್ ಬಿಚ್ಚಿ, ಮೀಟರ್ ನೋಡೋ ಹೊತ್ತಿಗೆ ಕುರಿಹಿಂಡು ರಸ್ತೆ ದಾಟಿ ಹೊಲ ಸೇರಿರ್ತೈತೆ. ಮೇಲಾಗಿ ಲೆನ್ಸ್ ತಿರುಗಿಸಿದ್ರೆ ಕರಕರ ಅಂತ ಧೂಳಿನ ಸದ್ದು.

ನಂಗೆ ಬೇಕಾಗಿರೋದು ಜೇಬಿಗೆ ಹೋಗೋವಂಥದ್ದು. ಮಳೆ ಹನಿ ಬಿದ್ರೂ, ಅದಿರಿನ ಧೂಳು ಕೂತ್ರೂ ಅಂಜಬಾರ್ದು. ತೆಗೆದೆ, ಒತ್ತಿದೆ, ಇಟ್ಟೆ ಅನ್ನಂಗಿರ್ಬೇಕು. ಎಲ್ಲಿ ಕೇಳಿದ್ರೂ ಒಲಿಂಪಸ್ ಮ್ಯೂ-2 ಅಂತಾರೆ. ಬೆಂಗಳೂರಲ್ಲಿ ಒಬ್ರು ಇಪ್ಪತ್ತು ಸಾವಿರದ ಮೇಲೆ ಹೇಳ್ತಿದಾರೆ. ಅಷ್ಟು ಕೊಡಬಹುದಾ? ಜೂಮ್ ಇರೋದು ತಗೊಂಡ್ರೆ ಅರ್ಧ ರೇಟಿಗೆ ಸಿಗ್ತೈತೆ, ಅದು ಸಾಕಾಗಲ್ವಾ? ಇಲ್ಲಿ ಯಾರಾದ್ರೂ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಜಿಲ್ಲೇಲಿ ಇಂಥದ್ದು ದಿನಬಳಕೆ ಮಾಡ್ತಿದ್ರೆ ಹೇಳ್ರಿ. ಊಟಿ, ಕೊಡಗಿನವರ ಅನುಭವ ಬೇಡ, ಅವರಿಗೆ ನಮ್ಮ ಕಷ್ಟ ಗೊತ್ತಾಗಲ್ಲ.

ಫೋನೇ ಸಾಕು

ಇಪ್ಪತ್ತು ಸಾವಿರಕ್ಕೆ ನೀರು-ಧೂಳು ಎರಡೂ ತಡಿಯೋ ಫೋನ್ ಬರ್ತೈತಲ್ರೀ. ರೀಲು ಸಾವಿರದ ಆಸುಪಾಸು, ತೊಳೆದು ಸ್ಕ್ಯಾನ್ ಮಾಡ್ಸಾಕ ಇನ್ನೊಂದು ಐನೂರು, ಕೊರಿಯರ್ ಖರ್ಚು ಬೇರೆ. 36ರಿಂದ ಭಾಗಿಸಿ ನೋಡ್ರಿ. ಒಂದು ಫೋಟೋಕ್ಕ ನಲವತ್ತು ರೂಪಾಯಿ ಮೇಲಾತು. ಪ್ರತಿ ಸಲ ಬಟನ್ ಒತ್ತಿದಾಗ ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿ ಹೋದಂಗ.

ಸಂಡೂರ್ ಕೆಂಪು

@ಫೋನೇ ಸಾಕು ಲೆಕ್ಕ ಸರಿ ಐತೆ, ಅದಕ್ಕೇ ನಾವು ಕಡಿಮೆ ಒತ್ತೀವಿ.

ಬಳ್ಳಾರಿ ಅಣ್ಣ, ನಮ್ಮ ಕಡೆ ಮಳೆ ಎಷ್ಟು ದಿನ ಬರ್ತೈತೆ? ಉಳಿದಿದ್ದೆಲ್ಲಾ ಧೂಳಿನ ಕಾಲ. ಕ್ಯಾಮೆರಾ ಕಂಪನಿಯವರು ಜಾಹೀರಾತಲ್ಲಿ ನೀರಿನ ಹನಿ ತೋರಿಸ್ತಾರೆ, ಅದು ಅವರ ಊರಿನ ಕಷ್ಟ. ನಾವು ಸಂದಿಗೆಲ್ಲಾ ರಬ್ಬರ್ ಸೀಲ್ ಇರೋ ಕ್ಯಾಮೆರಾ ತಗೊಳ್ಳೋದು ಧೂಳಿಗಾಗಿ. ಅದಿರಿನ ಧೂಳು ಹೊಲದ ಧೂಳಿನಂಗಲ್ಲ. ಹಿಟ್ಟಿನಷ್ಟು ಸಣ್ಣ ಇರ್ತೈತೆ, ಆದ್ರೆ ಕಲ್ಲು. ಒಂದು ಕಣ ರೀಲಿನ ಡಬ್ಬಿ ಬಾಯಲ್ಲಿರೋ ಮಖಮಲ್ ಪಟ್ಟಿಗೆ ಅಂಟಿದ್ರೆ, ರೀಲು ಎಳೆದಷ್ಟೂ ದೂರ ಉದ್ದಕ್ಕೆ ಗೀರು. ಮೂವತ್ತಾರೂ ಫೋಟೋದಲ್ಲಿ ಒಂದೇ ಜಾಗಕ್ಕೆ ಕರೆಂಟ್ ತಂತಿ ಹಾದಂಗೆ ಕಾಣ್ತೈತೆ.

ನಾನು ಬಳಸೋದು ಕೋನಿಕಾದವರ ಹಳೇದು, ಜಪಾನಿನ ಕಟ್ಟಡ ಕೆಲಸದ ಸೈಟುಗಳಿಗಂತಲೇ ಮಾಡಿದ್ದು. 'ಗೆಂಬಾ ಕಾಂತೋಕು' ಅಂತ ಹುಡುಕ್ರಿ. 80ರ ದಶಕದ ಕೊನೇಲಿ ಶುರುವಾದ ಸಾಲು ಅದು. ಅಲ್ಲಿ ಕೆಲಸ ಎಲ್ಲೀತನಕ ಬಂತು ಅಂತ ಎಂಜಿನಿಯರ್ರು ಫೋಟೋ ತೆಗೆದು ದಾಖಲೆ ಇಡಬೇಕಿತ್ತು, ಅದಕ್ಕೆ ಧೂಳು, ಸಿಮೆಂಟು, ಮಳೆ ತಡಿಯೋ ಕ್ಯಾಮೆರಾ ಬೇಕಾಯ್ತು. ಬಟನ್ನು ದೊಡ್ಡವು, ಕೈಗವಸು ಹಾಕ್ಕೊಂಡೇ ಒತ್ತಬಹುದು. ಚೆಂದ ಏನಿಲ್ಲ. ಜೇಬಿಗೆ ಹೋಗಲ್ಲ, ಸೊಂಟಕ್ಕೆ ಕಟ್ಕೋಬೇಕು. ನಾರಿಹಳ್ಳದ ದಂಡೆ, ಕುಮಾರಸ್ವಾಮಿ ಗುಡಿ ದಾರಿ, ಲಾರಿ ಸಾಲು, ಎಲ್ಲಾ ಕಡೆ ಜೊತೆಗಿರ್ತೈತೆ. ಸಂಜೆ ಒದ್ದೆ ಬಟ್ಟೇಲಿ ಒರೆಸಿ ಇಟ್ರೆ ಮುಗೀತು. (ಗಣಿ ಒಳಗೆ ಅನುಮತಿ ಇಲ್ದೆ ತೆಗೆಯೋಕೆ ಹೋಗ್ಬೇಡ್ರಿ, ಕ್ಯಾಮೆರಾ ಯಾವುದಾದ್ರೂ ಸರಿ.)

ಸ್ಟುಡಿಯೋ ಕಾಕಾ, ಕೊಪ್ಪಳ

ತಮ್ಮಾ, ಮೊದಲ ಒಂದು ಮಾತು ತಿಳ್ಕೋ. ಮ್ಯೂ-2 ಬಂದಿದ್ದು 1997ರಾಗ. ಅಮೆರಿಕಾದಾಗ ಅದಕ್ಕ ಸ್ಟೈಲಸ್ ಎಪಿಕ್ ಅಂದ್ರು, ಕ್ಯಾಮೆರಾ ಒಂದೇ. ಅಂದ್ರ ನೀ ತಗೊಳ್ಳಾಕ ಹೊಂಟಿದ್ದರ ರಬ್ಬರು, ಸ್ಪಂಜು ಇಪ್ಪತ್ತು ವರ್ಷ ದಾಟಿದ್ದು. ನಮ್ಮ ಬಿಸಿಲಿಗೆ ಮಿಕ್ಸರ್ ಜಾರಿನ ರಬ್ಬರ್ ರಿಂಗ ಎಷ್ಟು ದಿನ ಬಾಳತೈತಿ? ಹೊಸದಿದ್ದಾಗ ಅದು ಮ್ಯಾಲೆ ಸಿಡಿದ ನೀರು ತಡೀತಿತ್ತು, ಮುಳುಗಿಸಾಕ ಆವಾಗ್ಲೂ ಬರ್ತಿರಲಿಲ್ಲ. ಈಗ ಸಿಡಿದ ನೀರಿನ ಭರವಸೆನೂ ಇಟ್ಕೋಬ್ಯಾಡ. ಮಾರಾವ್ರು 'ವೆದರ್‌ಪ್ರೂಫ್' ಅಂತ ಬರೀತಾರ, ಅದು ಹುಟ್ಟಿದಾಗಿನ ಮಾತು.

ಹಂಗಂತ ಅದು ಕೆಟ್ಟ ಕ್ಯಾಮೆರಾ ಅಲ್ಲ. 35 ಎಂಎಂ ಲೆನ್ಸು, ಎಫ್ 2.8 (ಈ ಅಂಕಿ ಸಣ್ಣದಿದ್ದಷ್ಟೂ ಒಳಗ ಬರೋ ಬೆಳಕು ಹೆಚ್ಚು), ನಾಲ್ಕು ಗಾಜು. ತೂಕ ಬ್ಯಾಟರಿ ಬಿಟ್ಟು 135 ಗ್ರಾಂ. ಮುಚ್ಚಳ ಸರಿಸಿದ್ರ ಆನ್, ಮುಚ್ಚಿದ್ರ ಆಫ್. ಒಂದಡಿ ಚಿಲ್ಲರ ದೂರದ ತನಕ ಹತ್ತಿರ ಹೋಗಬಹುದು. ಇಷ್ಟು ಸಣ್ಣದ್ರಾಗ ಅಂಥ ಲೆನ್ಸ್ ಇಟ್ಟಿದ್ದು ದೊಡ್ಡ ಮಾತೇ. ಆದ್ರ ಇಪ್ಪತ್ತು ಸಾವಿರ ಹೆಸರಿಗೆ ಕೊಡೋ ರೊಕ್ಕ, ಕ್ಯಾಮೆರಾಕ್ಕಲ್ಲ.

ತಗೊಳ್ಳೋದೇ ಆದ್ರ ನೋಡಬೇಕಾದ್ದು ಹೇಳ್ತೀನಿ. ಹಿಂದಿನ ಬಾಗಿಲು ತೆಗಿ. ಅಂಚಿನ ಸಂದಿಯಾಗಿರೋ ಸ್ಪಂಜು, ರೀಲಿನ ಹೆಸರು ಕಾಣಾಕ ಇರ್ತೈತಲ್ಲ ಸಣ್ಣ ಕಿಟಕಿ, ಅದರ ಸುತ್ತ ಇರೋ ಸ್ಪಂಜು, ಎರಡನ್ನೂ ಹಲ್ಲುಕಡ್ಡಿಲೆ ಮೆಲ್ಲಕ ಮುಟ್ಟು. ಕಪ್ಪು ಅಂಟು ಕಡ್ಡಿಗೆ ಹತ್ತಿದ್ರ ಅದು ಸತ್ತಂಗ. ಅಲ್ಲಿಂದ ಬೆಳಕು ನುಗ್ಗಿ ನೆಗೆಟಿವ್ ಮ್ಯಾಲೆ ಕೆಂಪು-ಕಿತ್ತಳಿ ಪಟ್ಟಿ ಬೀಳ್ತಾವು. ಅದು ರಿಪೇರಿ ಆಗೋವಂಥದ್ದೇ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೇದು ತೆಗೆದು, ಅಂಟಿನ ತೆಳ್ಳನ ಫೋಮ್ ಶೀಟ್ ಕತ್ತರಿಸಿ ಕೂಡಿಸಬಹುದು. ಬ್ಯಾಟರಿ ಮನಿಯಾಗ ಹಸರು ಬಂದೈತೇನು ನೋಡು. ಮುಚ್ಚಳ ಸರಿಯೋ ಹಾದಿಯಾಗ ಮರಳು ಕರಕರ ಅಂದ್ರ ಬ್ಯಾಡ ಅನ್ನು.

ಮತ್ತ ಒಂದು. ಸ್ಕ್ರೂ ಬಿಚ್ಚಿ ಒಳಗ ಕೈ ಹಾಕಬ್ಯಾಡ್ರಿ ಯಾರೂ. ಫ್ಲಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಕೊಂಡು ಕೂತಿರ್ತೈತಿ, ಬ್ಯಾಟರಿ ತೆಗೆದ್ರೂ ಬಿಡಂಗಿಲ್ಲ.

ಕುಕನೂರಕ್ಕ

ಜೂಮ್ ವಿಷಯ ನಾ ಹೇಳ್ತೀನಿ, ಯಾಕಂದ್ರ ನನ್ನ ಹತ್ರ ಪೆಂಟಾಕ್ಸ್ 90ಡಬ್ಲ್ಯೂಆರ್ ಐತಿ. 38ರಿಂದ 90 ಎಂಎಂ. ಅಗ್ಗಕ್ಕ ಸಿಕ್ತು, ಮಳಿಗೆ ಅಂಜಿಲ್ಲ, ಪುಟ್ಟ ರಿಮೋಟ್ ಸೈತ ಬಂದಿತ್ತು. ಶಾಲಿ ಮಕ್ಕಳ ಪ್ರವಾಸಕ್ಕ ಅದೇ ಒಯ್ತೀನಿ. ಬಿಸಿಲಿನಾಗ ಭಾಳ ಚಲೋ.

ಆದ್ರ ಇಟಗಿ ಮಹಾದೇವ ಗುಡಿ ಒಳಗ ಹೋದ್ರ ಗೊತ್ತಾಗ್ತೈತಿ. 1112ರಾಗ ಕಟ್ಟಿದ ಗುಡಿ, ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಕಟ್ಟಿಸಿದ್ದು. ಕಂಬಗಳು ಒಂದೊಂದೂ ಕಡೆದಂಗ ಮಿಂಚತಾವು, ಆದ್ರ ಒಳಗ ಕತ್ತಲಿ. ನನ್ನ ಪೆಂಟಾಕ್ಸ್ ಪೂರ್ತಿ ಜೂಮಿನಾಗ ಎಫ್ 7.5. ಒಲಿಂಪಸ್ಸಿನವರ 140ರ ತನಕ ಜೂಮ್ ಆಗೋ ಮ್ಯೂ ಅಂತೂ ತುದಿಯಾಗ ಎಫ್ 11ಕ್ಕ ಹೋಗ್ತೈತಿ. ಎಫ್ 2.8ಕ್ಕೂ ಎಫ್ 11ಕ್ಕೂ ಬೆಳಕಿನಾಗ ಹದಿನಾರು ಪಟ್ಟು ವ್ಯತ್ಯಾಸ. ಕೈ ನಡುಗಿ ಕಂಬ ಎರಡೆರಡು ಕಾಣ್ತಾವು, ಇಲ್ಲಾಂದ್ರ ತಾನಾ ಫ್ಲಾಶ್ ಹೊಡಿತೈತಿ. ಫ್ಲಾಶ್ ಹೊಡದ್ರ ಕಡೆದ ಕೆತ್ತನಿ ಎಲ್ಲಾ ಸಪಾಟು. ನಾ ಗುಡಿ ಒಳಗ ಜೂಮ್ ಮುಟ್ಟಂಗೇ ಇಲ್ಲ, 38ರಾಗ ಇಟ್ಟು ಕಂಬಕ್ಕ ಬೆನ್ನು ಕೊಟ್ಟು ಉಸಿರು ಹಿಡಿದು ಒತ್ತೋದು. ಟ್ರೈಪಾಡ್ ಅಂದ್ರ ಪುರಾತತ್ವ ಇಲಾಖೆ ಅನುಮತಿ ಬೇಕು.

ಗೆಳತಿ ಮ್ಯೂ-2 ಒಂದಷ್ಟು ದಿನ ನನ್ನ ಕೈಯಾಗ ಇತ್ತು. ಅದ್ರಾಗ ನನಗ ಸಿಟ್ಟು ಬಂದಿದ್ದು ಒಂದಕ್ಕ. ಫ್ಲಾಶ್ ಬ್ಯಾಡ ಅಂತ ಬಟನ್ ಒತ್ತಿ ಬಂದ್ ಮಾಡ್ತೀವಿ, ಮುಚ್ಚಳ ಮುಚ್ಚಿ ಮತ್ತ ತೆಗೆದ್ರ ಅದು ಮರತು ಮತ್ತ ಆಟೋಕ್ಕ ಬಂದಿರ್ತೈತಿ. ಪ್ರತಿ ಸಲ ಮತ್ತ ಒತ್ತು. ಗವಿಮಠದ ಜಾತ್ರಿಯಾಗ ದಾಸೋಹದ ಸಾಲಿನಾಗ ಕೂತ ಅಜ್ಜಿ ಮುಖಕ್ಕ ಫಳ್ ಅಂತ ಹೊಡೀತು. ಆಯಮ್ಮ ನಕ್ಕು ಬಿಟ್ಲು, ಪುಣ್ಯ.

ಫೋನೇ ಸಾಕು

ಅಕ್ಕಾರ, ಇಷ್ಟೆಲ್ಲಾ ಕಷ್ಟ ಹೇಳಿ ಮತ್ತ ಅದನ್ನೇ ಒಯ್ತೀರಲ್ಲ?

ಕುಕನೂರಕ್ಕ

ಒಯ್ತೀನಿ. ಫೋನಿನಾಗ ತೆಗೆದ ಪ್ರವಾಸದ ಫೋಟೋ ಒಂದೂ ಪ್ರಿಂಟ್ ಹಾಕಿಸಿಲ್ಲ ನಾ. ರೀಲಿನವು ಆಲ್ಬಮ್ಮಿನಾಗ ಅದಾವು, ಮಕ್ಕಳು ಬಂದು ತಮ್ಮ ಅಣ್ಣ-ಅಕ್ಕರನ್ನ ಹುಡುಕ್ತಾರ.

ರಾಯಚೂರು ನೆಗೆಟಿವ್

ಎಲ್ಲಾರೂ ಕ್ಯಾಮೆರಾದ ಸೀಲಿನ ಮ್ಯಾಲೇ ಮಾತಾಡ್ಲಿಕ್ಕತ್ತೀರಿ. ನನ್ನ ಕೇಳಿದ್ರ, ನಮ್ಮ ಕಡಿ ರೀಲು ಕೆಡೋದು ಕ್ಯಾಮೆರಾದ ಒಳಗಲ್ಲ. ಹಾಕೋಕ್ಕಿಂತ ಮೊದಲ, ಇಲ್ಲಾ ತೆಗೆದ ಮ್ಯಾಲ. ಸೀಲ್ ಎಷ್ಟೇ ಗಟ್ಟಿ ಇದ್ರೂ ರೀಲ್ ಬದಲಿಸ್ಲಿಕ್ಕೆ ಬಾಗಿಲು ತೆಗೀಲೇಬೇಕಲ? ಬಸ್‌ಸ್ಟ್ಯಾಂಡಿನಾಗ, ಗಾಳಿ ಬೀಸೋ ಕಡಿ ತೆಗೆದ್ರ ಅಷ್ಟು ದಿನ ಕಾಯ್ದದ್ದೆಲ್ಲಾ ವ್ಯರ್ಥ. ಚಹಾದ ಹೋಟ್ಲ ಒಳಗ ಕೂತು, ಫ್ಯಾನ್ ಕೆಳಗಲ್ಲದ ಕಡಿ, ಮೊದಲ ಹೊರಗಿನ ಧೂಳು ಒರಸಿ ಆಮ್ಯಾಲ ತೆಗೀರಿ. ಹೊಸ ರೀಲು, ತೆಗೆದು ಮುಗಿಸಿದ ರೀಲು ಎರಡಕ್ಕೂ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿ ಇರ್ಲಿ. ರೀಲ್ ಬರೇ ಜೇಬಿನಾಗ ಹಾಕ್ಕೊಂಡ್ರ ಸಂಡೂರಿನವರು ಹೇಳಿದ ಗೀರು ಗ್ಯಾರಂಟಿ.

ಎರಡನೇದು ಬಿಸಿಲು. ಬೈಕಿನ ಟ್ಯಾಂಕ್ ಮ್ಯಾಲಿನ ಬ್ಯಾಗಿನಾಗ, ಕಾರಿನ ಡ್ಯಾಶ್‌ಬೋರ್ಡಿನಾಗ ರೀಲ್ ಇಡಬ್ಯಾಡ್ರಿ. ಕಾವಿಗೆ ಕಲರ್ ರೀಲಿನ ಬಣ್ಣ ವಾಲ್ತದ, ಮುಸುಕು ಬರ್ತದ. ತೆಗೆದ ರೀಲ್ ತಿಂಗಳುಗಟ್ಟಲೆ ಬೀರುವಿನಾಗ ಬಿಟ್ರೂ ಹಂಗೇ, ಒಳಗ ಮೂಡಿದ ಚಿತ್ರ ಕಾವಿಗೆ ಮಾಸ್ತದ. ಹೊಸ ರೀಲ್ ಫ್ರಿಜ್ಜಿನಾಗ ಇಡ್ರಿ, ಬಳಸೋ ಮುಂದ ಒಂದೆರಡು ತಾಸು ಮೊದಲ ಹೊರಗ ತೆಗೆದು, ಡಬ್ಬಿ ಮುಚ್ಚಳ ತೆರೀದೇ ಬಿಡ್ರಿ. ತಣ್ಣಗಿದ್ದಾಗ ತೆರೆದ್ರ ಮ್ಯಾಲ ನೀರಿನ ಹನಿ ಕೂಡ್ತದ. ಸೀಲ್ ಇರೋ ಕ್ಯಾಮೆರಾನೂ ಹಂಗೇ. ಎಸಿ ಬಸ್ಸಿಂದ ಇಳಿದು ಬಿಸಿಲಿಗೆ ಬಂದ ಕೂಡ್ಲೇ ಲೆನ್ಸ್ ಮಂಜಾಗ್ತದ. ಒಳಗಡಿ ಮಂಜು ಕೂತ್ರ ಸೀಲ್ ಇರೋ ಕ್ಯಾಮೆರಾದಾಗ ಆರೋದು ಇನ್ನೂ ತಡ.

ಇನ್ನ ತೊಳಿಯೋದು. ನಾ ಕಪ್ಪು-ಬಿಳುಪು ರೀಲ್ ಮನ್ಯಾಗೇ ತೊಳಿತೀನಿ. ಡೆವಲಪರ್ (ಚಿತ್ರ ಮೂಡಿಸೋ ಔಷಧ) 20 ಡಿಗ್ರಿ ಇರ್ಬೇಕಂತ ಎಲ್ಲಾ ಪ್ಯಾಕೆಟ್ಟಿನ ಮ್ಯಾಲ ಬರದಿರ್ತಾರ. ಮೇ ತಿಂಗಳ ರಾಯಚೂರಾಗ 20 ಡಿಗ್ರಿ ನೀರು ಎಲ್ಲಿಂದ ತರೋದು? ಐಸಿನ ಬಾಟ್ಲಿ ಹಾಕಿದ ಬಕೆಟ್ಟಿನಾಗ ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರ ನಿಲ್ಲಿಸೋ ಔಷಧ), ತೊಳಿಯೋ ನೀರು ಎಲ್ಲಾನೂ ನಿಲ್ಲಿಸ್ತೀನಿ. 20ಕ್ಕ ಇಳೀದಿದ್ರ 24ಕ್ಕ ನಿಲ್ಲಿಸಿ ಸಮಯ ಸುಮಾರು ಮೂರನೇ ಒಂದು ಭಾಗ ಕಡಿಮಿ ಮಾಡ್ತೀನಿ. ಐದು ನಿಮಿಷಕ್ಕಿಂತ ಕಡಿಮಿ ಬಂದ್ರ ಡೆವಲಪರ್ ತೆಳು ಮಾಡ್ರಿ, ಇಲ್ಲಾಂದ್ರ ಆಕಾಶ ಎಲ್ಲಾ ಪಟ್ಟಿ ಪಟ್ಟಿ. ಡೆವಲಪರ್ ತಣ್ಣಗ ಇಟ್ಟು ಆಮ್ಯಾಲ ನಳದ ಬಿಸಿನೀರಾಗ ತೊಳಿಯೋದಂತೂ ಮಾಡ್ಲೇಬ್ಯಾಡ್ರಿ, ಒಮ್ಮೆಲೆ ಕಾವು ಏರಿದ್ರ ಮ್ಯಾಲಿನ ಪದರು ಸುಕ್ಕುಗಟ್ತದ.

ಕಲರಿಂದು ಉಲ್ಟಾ. ಕಲರ್ ರೀಲ್ ತೊಳಿಯೋ ಸಿ-41 ವಿಧಾನದ ಡೆವಲಪರಿಗೆ ಬೇಕಾಗೋದು 37.8 ಡಿಗ್ರಿ, ಮೂರು ನಿಮಿಷ ಹದಿನೈದು ಸೆಕೆಂಡು. ಬೆಂಗಳೂರಿನವರು ಹೀಟರ್ ಹಚ್ಚಿ ಕೂಡ್ತಾರ. ನಮಗ ಏಪ್ರಿಲ್ ಮಧ್ಯಾಹ್ನ ಮಾಳಿಗಿ ಮ್ಯಾಲಿನ ಸಿಂಟೆಕ್ಸ್ ನೀರು ಪುಗಸಟ್ಟೆ ಅದರ ಹತ್ರಕ್ಕ ಬಂದಿರ್ತದ! ಬಕೆಟ್ಟಿನಾಗ ಹಿಡಿದು ಒಂದು ಚೊಂಬು ಬಿಸಿ, ಒಂದು ಚೊಂಬು ತಣ್ಣಂದು ಹಾಕಿ ಸರಿ ಮಾಡ್ಕೊಂಡ್ರ ಆತು. ಬ್ಲೀಚು, ಫಿಕ್ಸರು, ತೊಳಿಯೋ ನೀರು 24ರಿಂದ 41ರ ನಡುವ ಇದ್ರೂ ನಡೀತದ, ಹಟ ಮಾಡೋದು ಡೆವಲಪರ್ ಒಂದೇ. ಅದಕ್ಕ ಥರ್ಮಾಮೀಟರ್ ಚಲೋದು ಇರ್ಲಿ.

ಕಡೀ ಮಾತು, ಇದು ಯಾರೂ ಹೇಳಂಗಿಲ್ಲ. ನಮ್ಮ ಬೋರ್ ನೀರು ಗಡಸು. ಅದರಾಗ ಕಡೀ ಸಲ ಜಾಲಿಸಿ ತೂಗು ಹಾಕಿದ್ರ ನೆಗೆಟಿವ್ ಮ್ಯಾಲ ಸುಣ್ಣದ ಚುಕ್ಕಿ ಕೂಡ್ತಾವ. ಆರ್.ಓ. (ಶುದ್ಧ ಕುಡಿಯೋ ನೀರಿನ) ಘಟಕದ ನೀರು ಒಂದು ಕ್ಯಾನ್ ತಂದು ಇಟ್ಕೊಂಡೀನಿ. ಕಡೀ ಜಾಲಿಸೋದು ಅದರಾಗ, ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದಂಗ ಜಾರಿಸೋ ದ್ರವ) ಎರಡು ಹನಿ ಹಾಕಿ. ಒಣಗಿಸೋದು ಬಚ್ಚಲದಾಗ, ಮೊದಲ ಗೋಡೆಗೆಲ್ಲಾ ನೀರು ಹೊಡದು ಧೂಳು ಕೂಡಿಸಿ, ಬಾಗಿಲು ಹಾಕಿ. ಮನಿಯವ್ರು ಬೈತಾರ, ಬೈಲಿ.

ಸ್ಟುಡಿಯೋ ಕಾಕಾ, ಕೊಪ್ಪಳ

@ರಾಯಚೂರು ನೆಗೆಟಿವ್ ಬಚ್ಚಲದಾಗ ಒಣಗಿಸೋ ಮಾತು ಓದಿ ನಗು ಬಂತು. ನಾವೂ ಹಂಗೇ ಮಾಡ್ತಿದ್ವಿ. ಆವಾಗ ಊಟಿಯಾಗ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, 'ಇಂದು' ಅಂತ ಕಪ್ಪು-ಬಿಳುಪು ರೀಲು, ಪೇಪರು ಬರ್ತಿದ್ವು. ಪಾಸ್‌ಪೋರ್ಟ್ ಫೋಟೋ ಎಲ್ಲಾ ಅದರಾಗೇ. ಆಮ್ಯಾಲೆ ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ-10 ಮನಿ ಮನಿಗೆ ಬಂದ್ವು. ಅವಕ್ಕ ಸೀಲೂ ಇಲ್ಲ ಏನೂ ಇಲ್ಲ. ಹುಲಿಗೆಮ್ಮನ ಜಾತ್ರಿಗೆ ಪ್ಲಾಸ್ಟಿಕ್ ಕವರಿನಾಗ ಸುತ್ಕೊಂಡು ಹೋಗ್ತಿದ್ರು, ಭಂಡಾರ ಬಿದ್ದ ಕ್ಯಾಮೆರಾ ನನ್ನ ಅಂಗಡಿಗೆ ಬರ್ತಿದ್ವು. ಅರಿಶಿಣ ಲೆನ್ಸಿನ ಸಂದಿಗೆ ಹೋದ್ರ ತೆಗೆಯೋದು ಭಾಳ ಕಷ್ಟ. ಒದ್ದೆ ಬಟ್ಟಿಲೆ ಒರಸಬಾರ್ದು, ಬ್ಲೋಯರ್ ಹೊಡೀಬೇಕು, ಬ್ರಷ್ಷಿನಾಗ ಸವರಬೇಕು. ಒರಸಿದ್ರ ಕಲೆ ಆಗ್ತೈತಿ. ಅದಿರಿನ ಧೂಳಿಗೂ ಇದೇ, ಮೊದಲ ಊದು, ಆಮ್ಯಾಲೆ ಒರಸು. ಅಂಗಿ ಚುಂಗಿಲೆ ಲೆನ್ಸ್ ಒರಸೋರನ್ನ ಕಂಡ್ರ ನನಗ ಈಗ್ಲೂ ಮೈ ಉರೀತೈತಿ.

ಕಡಲತಡಿ

ಕರಾವಳಿಯವನು ನಡುವೆ ಬಾಯಿ ಹಾಕ್ತಿದ್ದೇನೆ, ಬೇಸರ ಮಾಡಬೇಡಿ ಮಾರಾಯ್ರೆ. ನಿಮ್ಮ ಕಡೆ ಧೂಳಾದರೆ ನಮ್ಮ ಕಡೆ ಬೂಷ್ಟು. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಲೆನ್ಸಿಗೆ ಜೇಡರ ಬಲೆಯಂಥ ಫಂಗಸ್ ಬರ್ತದೆ. ನಿಮಗೆ ಒಣ ಹವೆ, ಅದೊಂದು ಭಾಗ್ಯ. ಹಾಗಾಗಿ ಹಳೆ ಕ್ಯಾಮೆರಾ ಕೊಳ್ಳುವಾಗ ಅದು ಎಲ್ಲಿದ್ದದ್ದು ಅಂತ ಕೇಳಿ. ನಮ್ಮ ಕಡೆಯದ್ದಾದರೆ ಲೆನ್ಸಿಗೆ ಟಾರ್ಚ್ ಹಾಕಿ ಓರೆಯಾಗಿ ನೋಡಿಯೇ ತೆಗೊಳ್ಳಿ. ಸೀಲ್ ಇರುವ ಕ್ಯಾಮೆರಾದೊಳಗೆ ಒಮ್ಮೆ ತೇವ ಹೊಕ್ಕರೆ ಅದು ಹೊರಗೆ ಹೋಗುವುದೂ ಇಲ್ಲ.

ಬಿಸಿಲೂರವ, ಬಳ್ಳಾರಿ

ಇಷ್ಟು ವಿವರ ಸಿಗ್ತೈತೆ ಅಂದ್ಕೊಂಡಿರಲಿಲ್ಲ. ಕಾಕಾ ಅವರೇ, ಇನ್ನೆರಡು ಕೇಳ್ತೀನಿ. ನಮ್ಮ ಮಧ್ಯಾಹ್ನದ ಬಿಸಿಲಿಗೆ 200 ಸ್ಪೀಡಿನ ರೀಲಾ, 400ರದ್ದಾ? ಬ್ಯಾಟರಿ ಬಳ್ಳಾರಿಲಿ ಸಿಗ್ತೈತಾ? ಬಸ್ಸು-ರೈಲಿನ ಕಿಟಕಿಯಿಂದ ತೆಗೆದ್ರೆ ಫೋಕಸ್ ಸಿಗ್ತೈತಾ?

ಸ್ಟುಡಿಯೋ ಕಾಕಾ, ಕೊಪ್ಪಳ

ಎರಡು ಅಂದು ಮೂರು ಕೇಳಿದಿ.

ರೀಲಿನ ಸ್ಪೀಡ್ ಅಂಕಿ ದೊಡ್ಡದಿದ್ದಷ್ಟೂ ಕಡಿಮಿ ಬೆಳಕು ಸಾಕು. ಬೆಳಕು ಹೆಚ್ಚಾದ್ರ ಮ್ಯೂ-2 ಲೆನ್ಸಿನ ತೂತು ಸಣ್ಣ ಮಾಡೋದು ಎಫ್ 11ರ ತನಕ, ಶಟರ್ ತೆಗೆದು ಮುಚ್ಚೋದು ಸೆಕೆಂಡಿನ ಸಾವಿರದ ಒಂದು ಭಾಗದ ತನಕ. ರಣ ಬಿಸಿಲಿನಾಗ 400ರ ರೀಲ್ ಹಾಕಿದ್ರ ಅದರ ಮಿತಿ ಹತ್ರ ಹತ್ರ ಮುಟ್ಟಿರ್ತೈತಿ. ಆದ್ರೂ ಕೆಡಂಗಿಲ್ಲ. ನೆಗೆಟಿವ್ ರೀಲ್ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರ ಎರಡು ಪಟ್ಟು) ಹೆಚ್ಚು ಬೆಳಕು ನುಂಗಿಕೊಳ್ತೈತಿ, ಕಡಿಮಿ ಬೆಳಕು ಮಾತ್ರ ತಡಕೊಳ್ಳಂಗಿಲ್ಲ. 800 ಬ್ಯಾಡ. ಬರೇ ಹೊರಗ ತಿರುಗಾಡೋದಿದ್ರ 200, ಗುಡಿ-ಮನಿ-ಸಂಜಿ ಸಂತಿ ಎಲ್ಲಾ ಸೇರಿ ಅಂದ್ರ 400. ರೀಲಿನ ಡಬ್ಬಿ ಮ್ಯಾಲೆ ಬೆಳ್ಳಿ-ಕಪ್ಪು ಚೌಕ ಇರ್ತಾವಲ್ಲ, ಅದನ್ನ ಓದಿ ಕ್ಯಾಮೆರಾ ತಾನಾ ಸ್ಪೀಡ್ ತಿಳ್ಕೊಳ್ತೈತಿ, ಕೈಲೆ ಬದಲಿಸಾಕ ಬರಂಗಿಲ್ಲ. ದೊಡ್ಡ ಸುರುಳಿಯಿಂದ ಕತ್ತರಿಸಿ ತುಂಬಿ ಮಾರ್ತಾರಲ್ಲ ಅಗ್ಗದ ರೀಲು, ಅದರ ಮ್ಯಾಲೆ ಆ ಚೌಕ ಇಲ್ಲಾಂದ್ರ 100 ಅಂತ ತಿಳ್ಕೊಂಡು ಬಿಡ್ತೈತಿ. ನೋಡಿ ತಗೋ.

ಇನ್ನೊಂದು, ಬಿಸಿಲಿಗೆ ಬೆನ್ನು ಹಾಕಿ ನಿಂತವ್ರ ಮುಖ ಕಪ್ಪಾಗ್ತೈತಿ. ಮ್ಯೂ-2ರಾಗ ಫ್ಲಾಶ್ ಬಟನ್ನು, ಟೈಮರ್ ಬಟನ್ನು ಎರಡೂ ಕೂಡಿ ಒತ್ತಿದ್ರ ನಡುವಿನ ಸಣ್ಣ ಚುಕ್ಕಿಯಷ್ಟೇ ಜಾಗದ ಬೆಳಕು ಅಳೀತೈತಿ. ತಾರೀಕು ಹಾಕೋ ಹಿಂಬಾಗಿಲಿಲ್ಲದ ಮಾಡೆಲ್ಲಿಗೆ ಈ ಮಾತು. ಇಲ್ಲಾಂದ್ರ ಫ್ಲಾಶ್ ಹೊಡಸು, ನಡು ಹಗಲಾದ್ರೂ ನಾಚಿಕಿಲ್ಲ. ರುಮಾಲು ಸುತ್ತಿದ ಅಜ್ಜಗ ಹಣಿ ಕೆಳಗ ಎಲ್ಲಾ ನೆರಳೇ ಇರ್ತೈತಿ, ಫ್ಲಾಶೇ ಕಣ್ಣು ತೋರಸೋದು.

ಬ್ಯಾಟರಿ ಸಿಆರ್123ಎ, ಮೂರು ವೋಲ್ಟು. ಸಣ್ಣ ಊರಾಗ ಹುಡುಕ್ಕೊಂತ ಕೂಡಬ್ಯಾಡ, ಒಂದೆರಡು ಹೆಚ್ಚಿಗೆ ತರಿಸಿ ಇಟ್ಕೋ. ಅದೇ ಅಳತಿದು ಚಾರ್ಜ್ ಮಾಡೋದೂ ಬರ್ತೈತಿ, ಅದನ್ನ ಹಾಕಬ್ಯಾಡ. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್ ತನಕ ಏರ್ತೈತಿ, ಕ್ಯಾಮೆರಾ ಸುಡಬಹುದು.

ಕಿಟಕಿ ಗಾಜಿನ ಮೂಲಕ ಬ್ಯಾಡ. ಈ ಕ್ಯಾಮೆರಾಗಳು ಕಣ್ಣಿಗೆ ಕಾಣದ ಕಿರಣ ಬಿಟ್ಟು ದೂರ ಅಳೀತಾವು, ಗಾಜಿಗೆ ಬಡಿದು ವಾಪಸ್ ಬಂದ್ರ ಗಾಜಿಗೇ ಫೋಕಸ್. ಸ್ಲೀಪರ್ ಬೋಗಿಯ ತೆರೆದ ಕಿಟಕಿ ನಡೀತೈತಿ.

ಸಂಡೂರ್ ಕೆಂಪು

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಿಜವಾಗ್ಲೂ ನೀರಲ್ಲಿ ಇಳಿಸಬೇಕು ಅಂದ್ರೆ ಕ್ಯಾನನ್ ಶೂರ್‌ಶಾಟ್ ಎ1 ನೋಡ್ರಿ. ಐದು ಮೀಟರ್ ಆಳದ ತನಕ ಅಂತ ಮಾಡಿದ್ದು, 32 ಎಂಎಂ, ಎಫ್ 3.5. ಲೆನ್ಸು ಹೊರಗೆ ಚಾಚಲ್ಲ, ಗಾಜಿನ ಹಿಂದೆ ಕೂತಿರ್ತೈತೆ. ನನ್ನ ಪ್ರಕಾರ ಧೂಳಿಗೂ ಅದೇ ಸರಿ. ಜೂಮ್ ಲೆನ್ಸ್ ಒಳಗೆ-ಹೊರಗೆ ಆಡಿದಾಗೆಲ್ಲಾ ಗಾಳಿ ಎಳ್ಕೊಳ್ತೈತೆ, ಗಾಳಿ ಜೊತೆ ಧೂಳೂ ಹೋಗ್ತೈತೆ. ಆದ್ರೆ ಅದೂ ಹಳೇದೇ, ಸೀಲ್ ನಂಬಿ ಹೊಳೆಗೆ ಇಳಿಸೋದು ನಿಮ್ಮ ಧೈರ್ಯ.

ಕುಕನೂರಕ್ಕ

ಹೊಳಿ ಅಂದ್ಮ್ಯಾಲೆ. ಆನೆಗೊಂದಿ ಕಡೆ ಹರಿಗೋಲಿನಾಗ ಕೂತ್ರ ಅಂಬಿಗರು ಹುಡುಗರನ್ನ ನಗಿಸಾಕ ಗಿರಗಿರ ತಿರುಗಿಸ್ತಾರ, ನೀರು ಸಿಡಿಯೋದು ಆವಾಗ. ನನ್ನ ಪೆಂಟಾಕ್ಸ್ ಅಷ್ಟಕ್ಕ ಏನೂ ಆಗಿಲ್ಲ. ಆದ್ರೂ ನಾ ಝಿಪ್ ಕವರಿನಾಗ ಇಟ್ಟೇ ಹತ್ತೋದು, ಕುಂತ ಮ್ಯಾಲೆ ತೆಗೀತೀನಿ, ದಾರ ಮುಂಗೈಗೆ ಸುತ್ತಿರ್ತೀನಿ. ಕೈ ಜಾರಿ ಹೊಳಿಗೆ ಬಿದ್ರ ಯಾವ ಸೀಲೂ ಎತ್ಕೊಂಡು ಬರಂಗಿಲ್ಲ.

ನನಗ ಈ ಸಣ್ಣ ಕ್ಯಾಮೆರಾ ಖರೆ ಉಪಯೋಗ ಆಗಿದ್ದು ಹಿರೇಬೆಣಕಲ್ ಗುಡ್ಡದಾಗ. ಮೋರ್ಯರ ಗುಡ್ಡ ಹತ್ತೋದು ಗೊತ್ತಲ್ಲ, ಹಾದಿ ಎಲ್ಲಾ ಬಂಡಿ, ಮುಳ್ಳು. ಎರಡೂ ಕೈ ಬೇಕಾಗ್ತಾವು. ಕುತ್ತಿಗಿಗೆ ದೊಡ್ಡ ಕ್ಯಾಮೆರಾ ಹಾಕ್ಕೊಂಡಾವ್ರು ಬಂಡಿಗೆ ಬಡಿಸಿಕೊಂತ ಬರ್ತಿದ್ರು, ನಂದು ಜೇಬಿನಾಗ ಸುಮ್ನಿತ್ತು. ಮ್ಯಾಲೆ ಇರೋ ಆದಿಕಾಲದ ಚಪ್ಪಡಿ ಕಲ್ಲಿನ ಮನಿಗಳ ಮುಂದ ಮಗುನ್ನ ನಿಲ್ಲಿಸಿ ತೆಗೀರಿ, ಆವಾಗ ಅವು ಎಷ್ಟು ಎತ್ತರ ಅಂತ ಫೋಟೋದಾಗ ಗೊತ್ತಾಗ್ತೈತಿ. ಬರೇ ಕಲ್ಲು ತೆಗೆದ್ರ ಏನೂ ಗೊತ್ತಾಗಂಗಿಲ್ಲ. ಹೋಗೋದು ಮುಂಜಾನೆ ಬೇಗ. ಹತ್ತರ ಮ್ಯಾಲೆ ಬಂಡಿ ಕಾದು, ಬಿಸಿಲು ನೆತ್ತಿಗೆ ಬಂದು ಎಲ್ಲಾ ಬಿಳಿಚ್ಕೊಂಡಂಗ ಬರ್ತೈತಿ.

ಫೋನೇ ಸಾಕು

ಇರ್ಲಿ, ನಾನೂ ಒಂದು ಪ್ರಶ್ನೆ ಕೇಳ್ತೀನಿ, ನಗಬ್ಯಾಡ್ರಿ. ಅಪ್ಪಾಜಿ ಹಾಟ್‌ಶಾಟ್ ಕ್ಯಾಮೆರಾ ಅಟ್ಟದ ಮೇಲೆ ಸಿಕ್ಕೈತೆ, ಒಳಗ ರೀಲ್ ಇದ್ದಂಗೈತೆ. ತೆಗಿಬಹುದಾ?

ರಾಯಚೂರು ನೆಗೆಟಿವ್

ಬಂದ್ರಲ್ಲ ದಾರಿಗೆ! ಬೆಳಕಿನಾಗ ಬಾಗಿಲು ತೆಗೀಬ್ಯಾಡ್ರಿ. ಅಷ್ಟು ವರ್ಷ ಅಟ್ಟದ ಕಾವಿನಾಗ ಇದ್ದಿದ್ದು, ಬಣ್ಣದ ಆಸೆ ಬಿಡ್ರಿ. ಕಪ್ಪು-ಬಿಳುಪಿನಂಗ ತೊಳೆದ್ರ ಏನಾದ್ರೂ ಮಸುಕಾಗಿ ಬರಬಹುದು. ನನಗ ಕೊಡ್ರಿ, ಕತ್ತಲಿ ಚೀಲದಾಗ ಕೈ ಹಾಕಿ ಬಿಚ್ಚಿ ಕೊಡ್ತೀನಿ.

@ಬಿಸಿಲೂರವ ಪ್ರಯಾಣದ ಬಗ್ಗೆ ಒಂದು ಮರತೆ. ವಿಮಾನ ಹತ್ತೋರಿದ್ರ ರೀಲ್ ಎಲ್ಲಾ ಕೈಚೀಲದಾಗ ಇರ್ಲಿ, ಲಗೇಜಿಗೆ ಹಾಕಬ್ಯಾಡ್ರಿ. ಚೀಲ ತಪಾಸ್ ಮಾಡೋ ಹೊಸ ಸಿ.ಟಿ. ಸ್ಕ್ಯಾನರ್ ಇದ್ದ ಕಡಿ ಒಂದೇ ಸಲಕ್ಕ ಮುಸುಕು ಬರ್ತದ, ಕೈಲೆ ತಪಾಸ್ ಮಾಡ್ರಿ ಅಂತ ಕೇಳ್ಬೇಕು. ಹಳೇ ಎಕ್ಸ್‌ರೇ ಯಂತ್ರದಾಗ 400ರ ರೀಲ್ ಒಂದೆರಡು ಸಲ ಹೋದ್ರ ಕಾಣೋವಂಥದ್ದು ಏನೂ ಆಗಂಗಿಲ್ಲ. ಆದ್ರ ಹಾಯ್ದಷ್ಟೂ ಅದು ಕೂಡ್ಕೊಂತ ಹೋಗ್ತದ. ಬೆಂಗಳೂರಾಗ ದಿನಾ ಮೆಟ್ರೋದಾಗ ಬ್ಯಾಗ್ ಹಾಕೋರಿದ್ರ ರೀಲ್ ಜೇಬಿನಾಗ ಇಟ್ಕೊಳ್ರಿ.

ಬಿಸಿಲೂರವ, ಬಳ್ಳಾರಿ

ಎಲ್ಲಾ ಓದಿ ನೋಡಿದ ಮೇಲೆ ಮ್ಯೂ-2 ಆಸೆ ಕಮ್ಮಿ ಆಯ್ತು. ಬೆಂಗಳೂರಿನವರಿಗೆ ಸ್ಪಂಜಿನ ಫೋಟೋ, ಒಂದು ಟೆಸ್ಟ್ ರೀಲಿನ ಸ್ಕ್ಯಾನ್ ಕಳಿಸ್ರಿ ಅಂದೆ, ಉತ್ತರಾನೇ ಇಲ್ಲ. ಹುಬ್ಬಳ್ಳಿಲಿ ಒಬ್ರ ಹತ್ರ ಅಕ್ಕಾರ ಹತ್ರ ಇರೋ ಪೆಂಟಾಕ್ಸೇ ಐತೆ, ಆರೇಳು ಸಾವಿರ ಹೇಳ್ತಾರೆ. ನಂದು ಹೆಚ್ಚು ಹೊರಗಿನ ಫೋಟೋನೇ, ಗುಡಿ ಒಳಗೆ ಅಣ್ಣನ ಎಸ್‌ಎಲ್‌ಆರ್ ಒಯ್ದರಾಯ್ತು. ಜೂಮ್ ಗಾಳಿ ಎಳ್ಕೊಳ್ಳೋ ಮಾತು ಮಾತ್ರ ತಲೇಲಿ ಕೊರೀತೈತೆ. ಬೈಕಲ್ಲಿ ಹೋಗುವಾಗ ಕವರಲ್ಲಿಟ್ಟು, ತೆಗೆಯುವಾಗ ಮಾತ್ರ ಆನ್ ಮಾಡಿದ್ರೆ ನಡೀತೈತಾ ಸಂಡೂರಣ್ಣ?

ಸಂಡೂರ್ ಕೆಂಪು

ನಡೀತೈತೆ. ಲಾರಿ ಹಿಂದೆ ಹೋಗುವಾಗ ಆನ್ ಮಾಡ್ಬೇಡ್ರಿ ಅಷ್ಟೇ. ಲಾರಿ ಮುಂದೆ ಹೋಗಲಿ, ಧೂಳು ಕೂಡಲಿ, ಆಮೇಲೆ ತೆಗೀರಿ. ಧೂಳು ಕೂತ ಮೇಲೆ ಸಂಜೆ ಬೆಳಕು ಹೆಂಗಿರ್ತೈತೆ ಅಂತ ನಿಮಗೇ ಗೊತ್ತು.

ಸ್ಟುಡಿಯೋ ಕಾಕಾ, ಕೊಪ್ಪಳ

ಹುಬ್ಬಳ್ಳಿಯಿಂದ ತರುವಾಗ ಕೊಪ್ಪಳದಾಗ ಇಳಿದು ಹೋಗು ತಮ್ಮಾ. ಸ್ಪಂಜ್ ನೋಡಿ ಕೊಡ್ತೀನಿ, ಬೇಕಾದ್ರ ಬದಲಿಸಿ ಕೊಡ್ತೀನಿ. ರೊಕ್ಕ ಬ್ಯಾಡ, ಒಂದು ಚಹಾ ಕುಡಿಸು.

ಕುಕನೂರಕ್ಕ

ಕಲರ್ ರೀಲ್ ತೊಳಸಾಕ ಎಲ್ಲಿಗೆ ಕಳಸ್ತೀರಿ ಎಲ್ಲಾರೂ? ನನ್ನವು ಎರಡು ಹಂಗೇ ಕುಂತಾವು. ಹಿಂದಿನ ಸಲ ಕಳಿಸಿದ ಕಡೆ ನೆಗೆಟಿವ್ ವಾಪಸ್ ಕೊಡಾಕ ತಿಂಗಳು ಮಾಡಿದ್ರು, ಸ್ಕ್ಯಾನ್ ಎಲ್ಲಾ ಹಸರು ಬಂದಿತ್ತು.

ರಾಯಚೂರು ನೆಗೆಟಿವ್

ಅಕ್ಕಾ, ನನಗೇ ಕಳಿಸ್ರಿ. ಸಿ-41 ಒಂದು ಕಿಟ್ ಕಲಸಿದ್ರ ಹಲವು ರೀಲ್ ಆಗ್ತಾವ, ಕಲಸಿದ್ದು ಭಾಳ ದಿನ ಇಡ್ಲಿಕ್ಕೆ ಬರಂಗಿಲ್ಲ. ಒಬ್ಬನೇ ಮಾಡಿದ್ರ ಅರ್ಧ ಚೆಲ್ಲೋದೇ ಆಗ್ತದ. ಕೊಪ್ಪಳ, ಬಳ್ಳಾರಿ, ಸಂಡೂರು ಎಲ್ಲಾರದೂ ಸೇರಿದ್ರ ಒಂದೇ ಭಾನುವಾರ ಮುಗಸ್ತೀನಿ, ಔಷಧದ ಖರ್ಚು ಹಂಚ್ಕೊಳ್ಳೋಣ. ಅಟ್ಟದ ಮ್ಯಾಲಿನ ಹಾಟ್‌ಶಾಟ್‌ದವರೂ ಕಳಿಸ್ರಿ. ಡಬ್ಬಿ ಮ್ಯಾಲ ಹೆಸರು, ರೀಲ್ ಸ್ಪೀಡು ಬರದು ಟೇಪ್ ಹಚ್ರಿ, ಇಲ್ಲಾಂದ್ರ ಯಾರ ಮನಿ ಕುಬಸ ಯಾರ ಆಲ್ಬಮ್ಮಿಗೆ ಹೋಗ್ತದೋ ನನಗ ಗೊತ್ತಿಲ್ಲ. ವಿಳಾಸ ಖಾಸಗಿ ಸಂದೇಶದಾಗ ಕಳಿಸೀನಿ. ಮಧ್ಯಾಹ್ನ ಹೊತ್ತು ಪಾರ್ಸಲ್ ಹಾಕಬ್ಯಾಡ್ರಿ, ಸಂಜಿ ಬಸ್ಸಿಗೆ ಕೊಡ್ರಿ.